ತಂಬೂರಿಗೆ ‘ಖಾನ್’ ಪದವಿ ಕೊಟ್ಟ ಸುಲ್ತಾನ

ನೋಡಿ, ನಮ್ಮಲ್ಲಿ ಎಂಥಾ ಸಂಗೀತ ಕಾರ್ಯಕ್ರಮ ಬೇಕಾದ್ರೂ ಆಗಲಿ. ಬೆಂಗಳೂರಿನ ಎಸಿ ಸಭಾಂಗಣದಲ್ಲಿ ಕಛೇರಿ ಇರಲಿ, ಹುಮನಾಬಾದ್ ಭಾಗದ ನಿರ್ಣಾದಂಥ ಊರಿನ ಗುಡಿ ಮುಂದೆ ಭಜನೆ ಇರಲಿ. ಕೊನೆಗೆ ಕೊಡೋದು ಏನು? ಒಂದು ಶಾಲು, ಒಂದು ಹಾರ, ಒಂದು ಸ್ಮರಣಿಕೆ. ಆ ಸ್ಮರಣಿಕೆ ನೋಡಿದ್ದೀರಲ್ಲ? ಬಂಗಾರದ ಬಣ್ಣ ಬಳಿದ ಪ್ಲಾಸ್ಟಿಕ್ ಕಪ್ಪು, ಕೆಳಗೆ ಪ್ರಾಯೋಜಕರ ಹೆಸರು. ಅದೇ ಕಪ್ಪು ಕ್ರಿಕೆಟ್ ಪಂದ್ಯಕ್ಕೂ ನಡೆಯುತ್ತೆ, ರಂಗೋಲಿ ಸ್ಪರ್ಧೆಗೂ ನಡೆಯುತ್ತೆ. ಹಾಡಿದವರು ಅದನ್ನ ಮನೆಗೆ ಒಯ್ದು ಬೀರುವಿನ ಮೇಲೆ ಇಡ್ತಾರೆ, ಅಲ್ಲಿಗೆ ಮುಗೀತು.

ಯುರೋಪಿನವರು 1956ರಿಂದ ‘ಯುರೋವಿಷನ್’ ಅಂತ ಒಂದು ಹಾಡಿನ ಸ್ಪರ್ಧೆ ನಡೆಸ್ತಾರೆ. ದೇಶ ದೇಶಗಳ ನಡುವಿನ ಪೈಪೋಟಿ ಅದು. ಗೆದ್ದವರಿಗೆ ಕೊಡೋದು ಗಾಜಿನ ಮೈಕ್ರೋಫೋನ್. ಹಳೇ ಕಾಲದ ರೇಡಿಯೋ ಮೈಕಿನ ಆಕಾರದ್ದು. ಸ್ವೀಡನ್ನಿನ ಕೋಸ್ಟಾ ಬೋಡಾ ಎಂಬ ಗಾಜಿನ ಕಾರ್ಖಾನೆಯ ಕಲಾವಿದ ಚೆಲ್ ಎಂಗ್‌ಮನ್ ರೂಪಿಸಿದ್ದು, 2008ರಿಂದ ಅದೇ ಮಾದರಿ. 2024ರಲ್ಲಿ ಗೆದ್ದ ಸ್ವಿಟ್ಜರ್ಲೆಂಡಿನ ನೆಮೋ ವೇದಿಕೆ ಮೇಲೇ ಅದನ್ನ ಒಡೆದು ಹಾಕಿಬಿಟ್ರು, ಕೈತಪ್ಪಿ. ಬದಲಿ ಕೊಟ್ಟರು ಬಿಡಿ. ನಾನು ಹೇಳೋದು ಇಷ್ಟೇ: ಅಲ್ಲಿ ಯಾರೋ ಒಬ್ಬರು ಕೂತು ಯೋಚನೆ ಮಾಡಿದ್ದಾರೆ. ಹಾಡಿನ ಗೌರವಕ್ಕೆ ಯಾವ ಆಕಾರ ಕೊಡಬೇಕು, ಯಾವ ನೆಲದ ಕಸುಬು ಅದರಲ್ಲಿ ಕಾಣಬೇಕು ಅಂತ.

ಈ ಯೋಚನೆ ನಮಗೆ ಹೊಸದಾ? ನಾನೂರು ವರ್ಷ ಹಿಂದಕ್ಕೆ ಹೋಗೋಣ ಬನ್ನಿ.

ವಿಜಯಪುರವನ್ನ 1580ರಿಂದ 1627ರವರೆಗೆ ಆಳಿದವನು ಎರಡನೇ ಇಬ್ರಾಹಿಂ ಆದಿಲ್‌ಷಾ. ಜನ ಅವನನ್ನ ಜಗದ್ಗುರು ಅಂತ ಕರೆದರು. ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನವರಸ್’ ಬರೆದ. ಅದರಲ್ಲಿ ಸರಸ್ವತಿ ಇದ್ದಾಳೆ, ಗಣಪತಿ ಇದ್ದಾನೆ, ಗೇಸುದರಾಜರೂ ಇದ್ದಾರೆ. ಅವನ ಹಾಡುಗಳಲ್ಲಿ ಅವನಿಗೆ ಪ್ರಿಯವಾದವರ ಹೆಸರೂ ಬರುತ್ತೆ. ಆತಶ್‌ಖಾನ್, ಅದು ಆನೆ. ಮೋತಿಖಾನ್, ಅದು ತಂಬೂರಿ!

ಖಾನ್ ಅನ್ನೋದು ಆಗ ಬರೀ ಹೆಸರಿನ ಬಾಲ ಅಲ್ಲ, ಪದವಿ. ದೊಡ್ಡ ದೊಡ್ಡ ಸರದಾರರು ಆ ಪದವಿಗೆ ಯುದ್ಧ ಮಾಡಿ ಸಾಯ್ತಿದ್ದರು. ಅದನ್ನ ಈ ಸುಲ್ತಾನ ಒಂದು ವಾದ್ಯಕ್ಕೆ ಕೊಟ್ಟ. ಇವತ್ತಿನ ಲೆಕ್ಕದಲ್ಲಿ ಸಂಪುಟ ದರ್ಜೆ ಸ್ಥಾನಮಾನ ಅನ್ನಿ. ಅಲ್ಲಿಗೆ ಆ ತಂಬೂರಿ ನುಡಿಸೋ ಸಾಮಾನಾಗಿ ಉಳಿಯಲಿಲ್ಲ, ರಾಜಲಾಂಛನ ಆಯ್ತು. 1599ರಲ್ಲಿ ವಿಜಯಪುರದ ಪಶ್ಚಿಮಕ್ಕೆ, ತೊರವಿ ಹತ್ತಿರ, ನವರಸಪುರ ಅಂತ ಹೊಸ ನಗರವನ್ನೇ ಕಟ್ಟೋಕೆ ಶುರು ಮಾಡಿದ. ನಾಣ್ಯಕ್ಕೂ ನವರಸ, ಅರಮನೆಗೂ ನವರಸ, ಹಬ್ಬಕ್ಕೂ ನವರಸ. ಹುಚ್ಚು ಅಂದ್ರೆ ಹುಚ್ಚು. ಆದ್ರೆ ಇಂಥ ಹುಚ್ಚಿನ ದೊರೆಗಳು ನಮಗೆ ಇನ್ನೂ ಇಬ್ಬರು ಮೂವರು ಸಿಕ್ಕಿದ್ದರೆ ಚೆನ್ನಾಗಿರ್ತಿತ್ತು.

ಆ ದರ್ಬಾರು ಅಂತರರಾಷ್ಟ್ರೀಯ ಅನ್ನೋದರಲ್ಲಿ ಅನುಮಾನವೇ ಬೇಡ. ಇರಾನಿನಿಂದ ಬಂದ ಕವಿ ಝುಹೂರಿ ಈ ದಖನಿ ಹಾಡುಗಳ ಪುಸ್ತಕಕ್ಕೆ ಪಾರಸಿಯಲ್ಲಿ ಮುನ್ನುಡಿ ಬರೆದ. ಚಿತ್ರಕಾರ ಫರ್ರುಖ್ ಬೇಗ್ ಸುಲ್ತಾನ ತಂಬೂರಿ ನುಡಿಸೋ ಚಿತ್ರ ಬರೆದ. ಆ ಚಿತ್ರ ಇವತ್ತು ಎಲ್ಲಿದೆ ಗೊತ್ತಾ? ಪ್ರಾಗ್‌ನಲ್ಲಿ, ನಾಪ್ರ್‌ಸ್ಟೆಕ್ ಮ್ಯೂಸಿಯಮ್ಮಿನಲ್ಲಿ.

ಅಕ್ಬರ್ ತನ್ನ ರಾಯಭಾರಿ ಅಸದ್ ಬೇಗನನ್ನ 1603ರ ಸುಮಾರಿಗೆ ವಿಜಯಪುರಕ್ಕೆ ಕಳಿಸಿದ್ದ. ಮದುವೆ ಮಾತುಕತೆ, ರಾಜಕೀಯ, ಎಲ್ಲಾ ಇತ್ತು. ಸುಲ್ತಾನ ಕೇಳಿದ್ದು ಏನು? ತಾನ್‌ಸೇನ್ ನಿಮ್ಮ ಬಾದಶಹರ ಮುಂದೆ ನಿಂತು ಹಾಡ್ತಿದ್ದನಾ, ಕೂತು ಹಾಡ್ತಿದ್ದನಾ? ದರ್ಬಾರಿನಲ್ಲಾದರೆ ನಿಂತು, ರಾತ್ರಿ ಹೊತ್ತು, ಹಬ್ಬದ ದಿನ ಕೂರೋಕೆ ಅಪ್ಪಣೆ ಇತ್ತು ಅಂತ ಉತ್ತರ. ಒಬ್ಬ ದೊರೆ ಇನ್ನೊಬ್ಬ ದೊರೆಯನ್ನ ಅಳೆದ ಅಳತೆಗೋಲು ನೋಡಿ. ಸೈನ್ಯ ಎಷ್ಟು ಅಂತಲ್ಲ, ಹಾಡುಗಾರನಿಗೆ ಕೂರೋಕೆ ಜಾಗ ಕೊಟ್ಟೆಯಾ ಅಂತ.

ಇದೇ ಅಸದ್ ಬೇಗ್ ವಾಪಸ್ ಹೋಗುವಾಗ ವಿಜಯಪುರದಿಂದ ತಂಬಾಕು ಒಯ್ದ. ಬರೀ ಪೊಟ್ಟಣ ಕಟ್ಟಿ ಒಯ್ಯಲಿಲ್ಲ. ಉದ್ದನೆಯ ಕೊಳವೆ, ಅದರ ಎರಡು ತುದಿಗೂ ರತ್ನ, ಬಾಯಿಗೆ ಇಡೋ ಕಡೆ ಯೆಮೆನ್ನಿನ ಕೆಂಪು ಕಲ್ಲು, ಮೇಲೆ ಚಿನ್ನದ ಚಿಲುಮೆ, ಎಲ್ಲವನ್ನೂ ಬೆಳ್ಳಿ ತಟ್ಟೆಯಲ್ಲಿಟ್ಟು ಅಕ್ಬರನ ಮುಂದೆ ಹಿಡಿದ. ಬಾದಶಹ ಒಂದೆರಡು ದಮ್ ಎಳೆದ, ಹಕೀಮರು ಬೇಡ ಅಂದರು. ತಂಬಾಕಿಗೆ ಮೊಘಲರ ಮನೆ ಬಾಗಿಲು ತೆರೆದಿದ್ದು ಹೀಗೆ. (ಆರೋಗ್ಯ ಇಲಾಖೆಯವರು ಕ್ಷಮಿಸಬೇಕು.) ಮುಂದೆ ಹುಕ್ಕಾ ಬಂತು, ಹುಕ್ಕಾದ ಬುಡಕ್ಕೆ ಹೇಳಿ ಮಾಡಿಸಿದಂಥ ಕಸುಬು ನಮ್ಮ ಬೀದರಿನಲ್ಲೇ ಇತ್ತು. ಬಿದ್ರಿ.

1619ರಲ್ಲಿ ಇದೇ ಇಬ್ರಾಹಿಂ ಬರೀದ್‌ಶಾಹಿಗಳಿಂದ ಬೀದರ್ ಕಿತ್ತುಕೊಂಡ. ಐದೇ ವರ್ಷ. 1624ರಲ್ಲಿ ಅಹಮದ್‌ನಗರದ ಮಲಿಕ್ ಅಂಬರ್ ನುಗ್ಗಿ ನವರಸಪುರವನ್ನ ಹಾಳುಗೆಡವಿದ. ಇವತ್ತು ತೊರವಿಯಲ್ಲಿ ಸಂಗೀತ ಮಹಲಿನ ಮುರಿದ ಕಮಾನುಗಳಿವೆ.

ಬೀದರ್ ಸೀಮೆಗೆ ಸಂಗೀತ ಸುಲ್ತಾನರ ಜೊತೆ ಬಂತು ಅಂತ ತಿಳಿಯಬೇಡಿ. ಬಸವಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಗೀತಕ್ಕೆ, ವಾದ್ಯಕ್ಕೆ, ನೃತ್ಯಕ್ಕೆ ಬೇರೆ ಬೇರೆ ಅಧ್ಯಾಯಗಳನ್ನೇ ಕೊಟ್ಟ. ಅವನ ಮಗ ಜಗದೇಕಮಲ್ಲ ‘ಸಂಗೀತ ಚೂಡಾಮಣಿ’ ಬರೆದ. ಅಪ್ಪ ಮಗ ಇಬ್ಬರೂ ಸಿಂಹಾಸನದ ಮೇಲೆ ಕೂತು ಸಂಗೀತಶಾಸ್ತ್ರ ಬರೆದ ಊರು ಅದು. 1817ರಲ್ಲಿ ಅದೇ ಬಸವಕಲ್ಯಾಣದ ಹತ್ತಿರ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಮುಂದೆ ಹುಮನಾಬಾದಿನ ಪಕ್ಕ ನೆಲೆ ನಿಂತರು. ಹಿಂದೂ ಮುಸ್ಲಿಂ ಭೇದವಿಲ್ಲದ ಆ ಮಾಣಿಕನಗರದಲ್ಲಿ ದತ್ತ ಜಯಂತಿಗೆ ಇವತ್ತಿಗೂ ಸಂಗೀತದ ದರ್ಬಾರು ನಡೆಯುತ್ತೆ.

ಈಗ ಬಿದ್ರಿಯ ವಿಷಯಕ್ಕೆ ಬರ್ತೀನಿ. ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯ ಮಾಡ್ತಾರೆ. ಗೆರೆ ಕಾಣಲಿ ಅಂತ ಮೈಲುತುತ್ತದ ನೀರು ಸವರಿ ಕಪ್ಪು ಮಾಡಿ, ಚಾಣದಿಂದ ಹೂಬಳ್ಳಿ ಕೆತ್ತಿ, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡೀತಾರೆ. ಇದಕ್ಕೆ ತಾರ್‌ಕಶಿ ಅಂತ ಹೆಸರು. ತಾರ್ ಅಂದ್ರೆ ತಂತಿ. ತಂಬೂರಿಯಲ್ಲಿ ಮಿಡಿಯೋದೂ ಅದೇ ತಾರ್! ಕೊನೆಗೆ ಬೀದರ್ ಕೋಟೆಯ ಮಣ್ಣು. ಬಿಸಿಲು ಮಳೆ ಬೀಳದ ಹಳೇ ಕಟ್ಟಡಗಳ ಒಳಗಿನ ಮಣ್ಣು ತಂದು, ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿದರೆ ಲೋಹ ಕಗ್ಗಪ್ಪಾಗುತ್ತೆ, ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ ಉಳಿಯುತ್ತೆ. ಮಣ್ಣು ಸರಿ ಇದೆಯಾ ಅಂತ ಕಸುಬುದಾರರು ನಾಲಿಗೆ ಮೇಲಿಟ್ಟು ರುಚಿ ನೋಡ್ತಾರೆ.

1851ರಲ್ಲೇ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಹೋದ ಕಲೆ ಇದು. 2006ರಲ್ಲಿ ಜಿಐ ಮಾನ್ಯತೆ ಸಿಕ್ತು. 2011ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರವೇ ಬಿದ್ರಿ. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಅವತ್ತು ಅವರು ಪ್ರಧಾನಿಯವರ ಜೊತೆ, ಬಿಜೆಪಿ ಸರ್ಕಾರದಿಂದ ಇದನ್ನ ನಿರೀಕ್ಷೆ ಮಾಡಿರಲಿಲ್ಲ ಅಂತ ಮಾತಾಡಿದ ಕ್ಲಿಪ್ ನಿಮಗೆ ನೆನಪಿರಬೇಕು, ದಿನವಿಡೀ ಓಡಿತು. ಅವರ ಕೈ ಏನು ಮಾಡುತ್ತೆ ಅನ್ನೋದು ಎಷ್ಟು ಜನಕ್ಕೆ ನೆನಪಿದೆ?

ಹಾಗಾಗಿ ನನ್ನದೊಂದು ಬೇಡಿಕೆ. ವಿಜಯಪುರದಲ್ಲಿ ಸರ್ಕಾರದ ನವರಸಪುರ ಉತ್ಸವ ಇದೆ, ಬೀದರ್ ಉತ್ಸವ ಇದೆ. ದೇಶ ವಿದೇಶದ ಕಲಾವಿದರನ್ನ ಕರೆಯೋಣ, ಕರೆದಾಗ ಒಂದು ಮೋತಿಖಾನ್ ಕೊಡೋಣ. ಗೇಣುದ್ದದ ತಂಬೂರಿ, ಬಿದ್ರಿಯಲ್ಲಿ ಎರಕ ಹೊಯ್ದದ್ದು. ಬುರುಡೆ ಕಗ್ಗಪ್ಪು, ನಾಲ್ಕು ತಂತಿ ಬೆಳ್ಳಿಯವು, ನುಡಿಸೋಕೆ ಬರಬೇಕಿಲ್ಲ. ಅದರ ಮೇಲೆ ಮಂತ್ರಿಗಳ ಹೆಸರು ಬೇಡ, ಪ್ರಾಯೋಜಕರ ಮುದ್ರೆ ಬೇಡ. ತಳದಲ್ಲಿ ಅದನ್ನ ಮಾಡಿದ ಕೈಯ ಹೆಸರಿರಲಿ. ಖರ್ಚು ಜಾಸ್ತಿ ಅಂತೀರಾ? ಒಂದು ಉತ್ಸವದ ಫ್ಲೆಕ್ಸ್ ಬಿಲ್ ತೆಗೆದು ನೋಡಿ, ಆಮೇಲೆ ಮಾತಾಡೋಣ. ತೊಂದರೆ ಇರೋದು ಬೇರೆ ಕಡೆ. ಉತ್ಸವ ಮುಂದಿನ ವಾರ ಅಂತ ಇವತ್ತು ಟೆಂಡರ್ ಕರೆದರೆ ಪ್ಲಾಸ್ಟಿಕ್ ಕಪ್ಪು ಮಾತ್ರ ಸಿಗುತ್ತೆ. ಬಿದ್ರಿಗೆ ಎರಕ ಆಗಬೇಕು, ಕೆತ್ತನೆ ಆಗಬೇಕು, ಬೆಳ್ಳಿ ಕೂರಬೇಕು, ಮಣ್ಣು ಹಿಡಿಯಬೇಕು. ಕೆಲಸದ ಆದೇಶ ತಿಂಗಳುಗಟ್ಟಲೆ ಮೊದಲೇ ಬೀದರಿನ ಕಾರ್ಖಾನೆ ಮುಟ್ಟಬೇಕು, ಮುಂಗಡದ ಸಮೇತ.