ಗಂಟೆ, ಗುರ್ಕಾರ ಮತ್ತು ಚರ್ಚಿನ ದಪ್ಪ ಪುಸ್ತಕ

ನಮ್ಮ ಮನೆಯ ಹಿಂದಿನ ಗುಡ್ಡದಾಚೆ ಒಂದು ಚರ್ಚಿತ್ತು. ಅದರ ಗಂಟೆ ದಿನಕ್ಕೆ ಮೂರು ಹೊತ್ತು ಹೊಡೆಯುತ್ತಿತ್ತು. ಸಂಜೆಯ ಗಂಟೆ ಕೇಳಿದೊಡನೆ ಪಕ್ಕದ ಮನೆಯ ಬಾಯಮ್ಮ 'ಆಮೊರಿ ಆಯ್ತು' ಎನ್ನುತ್ತ ಕೋಳಿಗಳನ್ನು ಗೂಡಿಗೆ ಸೇರಿಸಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮಲ್ಲಿ ಮಗ್ರಿಬ್‌ಗೆ ವುಜೂ ನಡೆಯುತ್ತಿತ್ತು. ಇವೆಲ್ಲ ದಿನನಿತ್ಯದ ಸದ್ದುಗಳು, ಯಾರೂ ಕಿವಿಗೊಡುತ್ತಿರಲಿಲ್ಲ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ, ಒಂದೊಂದೇ ಪೆಟ್ಟು, ನಡುವೆ ಉಸಿರು ಬಿಟ್ಟ ಹಾಗೆ ಗಂಟೆ ಹೊಡೆದರೆ ಅಮ್ಮಿ ಒಲೆಯ ಮುಂದಿನಿಂದ ಎದ್ದು ಬೇಲಿಯ ಬಳಿ ಬಂದು ನಿಲ್ಲುತ್ತಿದ್ದರು. 'ಯಾರಂತೆ ಬಾಯಮ್ಮ?' ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ಆ ಕೇರಿಯ ಗುರ್ಕಾರರು ಬಂದು ಹೇಳಿ ಹೋಗಿರುತ್ತಿದ್ದರು. ಯಾರು, ಯಾವ ಮನೆ, ಮಣ್ಣಿಗೆ ಎಷ್ಟು ಗಂಟೆಗೆ, ಎಲ್ಲವೂ ಖಚಿತ. ಊರಿಗೆ ಪತ್ರಿಕೆ ಬರುತ್ತಿದ್ದುದು ಮರುದಿನ. ಗುಡ್ಡದಾಚೆಯ ಸುದ್ದಿ ಅಂದೇ ಬರುತ್ತಿತ್ತು, ತಪ್ಪಿಲ್ಲದೆ ಬರುತ್ತಿತ್ತು.

ಚರ್ಚೆಂದರೆ ಪ್ರಾರ್ಥನೆಯ ಮನೆ ಎಂದಷ್ಟೇ ನಾವು ತಿಳಿದಿರುತ್ತೇವೆ. ಅದು ಸುದ್ದಿಯ ಮನೆಯೂ ಹೌದು ಎಂಬುದು ನೆರೆಯವರಾಗಿ ಬಾಳಿದವರಿಗಷ್ಟೇ ಗೊತ್ತಾಗುತ್ತದೆ. ಕರಾವಳಿಯ ಕೊಂಕಣಿ ಕ್ರೈಸ್ತರು ತಮ್ಮ ಚರ್ಚಿನ ವ್ಯಾಪ್ತಿಯನ್ನು 'ಫಿರ್ಗಜ್' ಎನ್ನುತ್ತಾರೆ. ಹೆಚ್ಚುಕಡಿಮೆ ನಮ್ಮ ಜಮಾಅತ್ ಇದ್ದ ಹಾಗೆ. ಒಬ್ಬ ವಿಗಾರರು, ಅವರ ಕೆಳಗೆ ಹಲವು ವಾಡೊಗಳು, ವಾಡೊಗೊಬ್ಬ ಗುರ್ಕಾರ. ಈ ಗುರ್ಕಾರ ಸಂಬಳದ ನೌಕರನಲ್ಲ. ಕೇರಿಯ ಮನೆಗಳಲ್ಲಿ ಯಾರಿಗೆ ಕಾಯಿಲೆ, ಯಾರ ಮನೆಯಲ್ಲಿ ಅಕ್ಕಿ ಮುಗಿದಿದೆ, ಯಾವ ಅಣ್ಣತಮ್ಮಂದಿರು ಗಡಿಕಲ್ಲಿಗಾಗಿ ಮಾತು ಬಿಟ್ಟಿದ್ದಾರೆ ಎಂಬುದನ್ನು ವಿಗಾರರಿಗೆ ಮುಟ್ಟಿಸುವವನು, ವಿಗಾರರ ಮಾತನ್ನು ಮನೆಗಳಿಗೆ ಮುಟ್ಟಿಸುವವನು. ಸುದ್ದಿ ತಪ್ಪಿದರೆ ಅವನ ಮುಖಕ್ಕೇ ಕೇಳಬಹುದು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನೊಂದು ಏರ್ಪಾಡು ದಪ್ಪ ಪುಸ್ತಕದ್ದು. 1563ರಲ್ಲಿ ಟ್ರೆಂಟ್ ಮಹಾಸಭೆ ಪ್ರತಿ ಚರ್ಚಿನಲ್ಲೂ ಮದುವೆಯ ದಾಖಲೆ ಇಡಬೇಕೆಂದು ವಿಧಿಸಿತು. ಗುಟ್ಟಿನ ಮದುವೆಗಳನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ಮದುವೆಗೆ ಮುಂಚೆ ವಧೂವರರ ಹೆಸರನ್ನು ಪೂಜೆಯ ಹೊತ್ತಿನಲ್ಲಿ ಮೂರು ಸಲ ಸಾರಬೇಕು, ಅಡ್ಡಿಯಿದ್ದವರು ಹೇಳಬೇಕು ಎಂಬ ನಿಯಮವೂ ಅದರ ಜೊತೆಗಿತ್ತು. ನಿಕಾಹನ್ನು ಬಚ್ಚಿಡಬಾರದು, ನಾಲ್ಕು ಜನರಿಗೆ ತಿಳಿಯುವಂತೆ ಮಾಡಬೇಕು ಎಂಬ ಮಾತು ನಮ್ಮಲ್ಲೂ ಇದೆಯಲ್ಲ, ಅದೇ ಜಾಣತನ. ಹುಟ್ಟಿದ ಮಗುವಿನ ದೀಕ್ಷಾಸ್ನಾನ, ಮದುವೆ, ಸಾವು ಎಲ್ಲವೂ ಈ ಪುಸ್ತಕಗಳಲ್ಲಿ ಸಾಲಾಗಿ ಸೇರುತ್ತವೆ. ಮುಂಬಯಿಯಲ್ಲೋ ಕುವೈತಿನಲ್ಲೋ ಮದುವೆಯಾದರೂ ಸುದ್ದಿ ಹುಟ್ಟೂರಿನ ಚರ್ಚಿಗೆ ಬಂದು ಆ ವ್ಯಕ್ತಿಯ ದೀಕ್ಷಾಸ್ನಾನದ ಸಾಲಿನ ಪಕ್ಕದಲ್ಲಿ ಬರೆಯಲ್ಪಡುತ್ತದೆ. ಬಡ ಒಕ್ಕಲಿನ ಮಗುವಿಗೂ ಜಮೀನ್ದಾರನ ಮಗುವಿಗೂ ಒಂದೊಂದೇ ಸಾಲು. ಅರಮನೆಯ ಬಖೈರುಗಳಲ್ಲಿ ಸಿಗದ ಜನರ ಚರಿತ್ರೆ ಇರುವುದು ಇಲ್ಲಿ.

ಈ ಜನ ಕರಾವಳಿಗೆ ಬಂದ ಬಗೆಯನ್ನೂ ನಾವು ಸರಿಯಾಗಿ ತಿಳಿದಿಲ್ಲ. ಪೋರ್ಚುಗೀಸರ ತುಪಾಕಿಯ ಹಿಂದೆ ಬಂದವರೆಂದು ಸಲೀಸಾಗಿ ಹೇಳಿಬಿಡುತ್ತೇವೆ. ಮಂಗಳೂರಿನ ರೊಜಾರಿಯೊ ಚರ್ಚು 1568ರಲ್ಲಿ ಪೋರ್ಚುಗೀಸರ ಕೋಠಿಯ ಆಶ್ರಯದಲ್ಲೇ ಹುಟ್ಟಿತು, ನಿಜ. ಆದರೆ ಗೋವೆಯಿಂದ ಬಂದ ಸಾವಿರಾರು ಸಂಸಾರಗಳು ಪೋರ್ಚುಗೀಸರ ಆಳ್ವಿಕೆಯಿಂದ ತಪ್ಪಿಸಿಕೊಂಡು ಬಂದವು. 1560ರಲ್ಲಿ ಗೋವೆಯಲ್ಲಿ ಶುರುವಾದ ಇಂಕ್ವಿಸಿಷನ್ ಎಂಬ ಧರ್ಮವಿಚಾರಣೆ ಹೊಸ ಕ್ರೈಸ್ತರ ಉಡುಪು, ಊಟ, ಹಾಡು, ಹಳೆಯ ಆಚಾರ ಎಲ್ಲದರ ಮೇಲೂ ಕಣ್ಣಿಟ್ಟಿತ್ತು. 1684ರಲ್ಲಿ ಕೊಂಕಣಿ ಭಾಷೆಯ ಮೇಲೂ ನಿಷೇಧದ ಆಜ್ಞೆ ಬಂತು. ಬರ, ಕಾಯಿಲೆ, ಯುದ್ಧಗಳೂ ಜೊತೆಗೂಡಿದವು. ಈ ಜನಕ್ಕೆ ಕೆನರಾದಲ್ಲಿ ನೆಲ ಕೊಟ್ಟವರು ಕೆಳದಿಯ ಅರಸರು. ಅವರಿಗೆ ಒಳ್ಳೆಯ ಒಕ್ಕಲು ಬೇಕಾಗಿತ್ತು, ಇವರು ಗದ್ದೆ ಬಲ್ಲವರಾಗಿದ್ದರು. ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚನ್ನು 1680ರಲ್ಲಿ ಕಟ್ಟಿಸಿದ ಬಿಷಪ್ ಥಾಮಸ್ ದೆ ಕಾಸ್ತ್ರೊ ಗೋವೆಯವನೇ, ನಮ್ಮ ನಾಡಿನ ಮಗ. ಅವನಿಗೆ ಆ ಜಾಗ ಕೊಟ್ಟವಳು ವೀರಶೈವ ರಾಣಿ ಕೆಳದಿ ಚೆನ್ನಮ್ಮ. ಔರಂಗಜೇಬನನ್ನು ಎದುರು ಹಾಕಿಕೊಂಡು ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿಯೂ ಅವಳೇ.

1763ರಲ್ಲಿ ಹೈದರಲಿ ಬಿದನೂರನ್ನು ಗೆದ್ದಾಗ ಕೆನರಾ ಮೈಸೂರಿನ ಪಾಲಾಯಿತು. ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡ್ಡದಲ್ಲಿ ಪಾದ್ರಿ ಜೋಕಿಂ ಮಿರಾಂಡಾ ಮರಿಯಮ್ಮನ ಜನ್ಮದಿನದ ಹಬ್ಬವನ್ನು ಶುರು ಮಾಡಿದ್ದೂ ಅದೇ ವರ್ಷವೆಂದು ಹೇಳುತ್ತಾರೆ. ಇಂದಿಗೂ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಕ್ಕಳು ತಟ್ಟೆ ತುಂಬ ಹೂ ತರುತ್ತಾರೆ, ಚರ್ಚಿನಲ್ಲಿ ಮಂತ್ರಿಸಿದ ಹೊಸ ಭತ್ತದ ತೆನೆ ಮನೆಗೆ ಬರುತ್ತದೆ, ಅಂದು ಮಾಂಸವಿಲ್ಲದ ಊಟ. ತೆನೆ ಹಬ್ಬ ಮಾಡುವ ತುಳುವ ಒಕ್ಕಲಿಗೆ ಇದರಲ್ಲಿ ಪರಕೀಯವಾದದ್ದೇನೂ ಕಾಣುವುದಿಲ್ಲ.

ಇನ್ನು 1784ಕ್ಕೆ ಬರಬೇಕು. ಇಲ್ಲಿ ನಮ್ಮ ಲೇಖನಿ ತಡವರಿಸುತ್ತದೆ. ಉರ್ದು ಶಾಲೆಯಲ್ಲಿ ನಾವು ಓದಿದ ಟಿಪ್ಪು, ಶಹೀದ್ ಟಿಪ್ಪು. ಇಂಗ್ಲಿಷರ ಮುಂದೆ ತಲೆಬಾಗದವನು, ಕೋಟೆಯ ಬಾಗಿಲಲ್ಲಿ ಕತ್ತಿ ಹಿಡಿದೇ ಬಿದ್ದವನು. ಅದು ಸುಳ್ಳಲ್ಲ. 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಗುರುಗಳಿಗೆ ಗೌರವದ ಪತ್ರ ಬರೆದು ನೆರವು ಕಳಿಸಿದವನೂ ಅವನೇ. ಆ ಕನ್ನಡ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಇದನ್ನೆಲ್ಲ ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಬೇಲಿಯಾಚೆಯ ಬಾಯಮ್ಮನಿಗೆ ಗೊತ್ತಿದ್ದ ಟಿಪ್ಪು ಬೇರೆ. ಒಮ್ಮೆ ಪಾಠದಲ್ಲಿ ಓದಿದ್ದನ್ನು ಅವರ ಜಗಲಿಯಲ್ಲಿ ಕೂತು ಉತ್ಸಾಹದಿಂದ ಒಪ್ಪಿಸಿದೆವು. ಅವರು ಮಲ್ಲಿಗೆ ಕಟ್ಟುವುದನ್ನು ನಿಲ್ಲಿಸಲಿಲ್ಲ. 'ನಮ್ಮವರನ್ನು ನಡೆಸಿಕೊಂಡು ಹೋದರಂತೆ ಪುತಾ, ಪಟ್ಟಣದವರೆಗೆ' ಎಂದಷ್ಟೇ ಹೇಳಿ, ಒಳಗೆ ಹೋಗಿ ನಮಗೆ ಬಾಳೆಹಣ್ಣು ತಂದರು.

ನಡೆದದ್ದು ಇದು. 1783ರಲ್ಲಿ ಇಂಗ್ಲಿಷರು ಮಂಗಳೂರನ್ನು ಹಿಡಿದರು. ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 1784ರ ಜನವರಿಯಲ್ಲಿ ಅದನ್ನು ಮರಳಿ ಪಡೆದ. ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ಸುದ್ದಿ, ದವಸ, ಹಣ ಮುಟ್ಟಿಸಿದರೆಂಬ ಆರೋಪ ಅವನ ಕಿವಿಗೆ ಬಿದ್ದಿತ್ತು. ಫೆಬ್ರುವರಿಯ ಕೊನೆಯ ವಾರ, ವಿಭೂತಿ ಬುಧವಾರದ ಸುಮಾರಿಗೆ, ಇಡೀ ಸಮುದಾಯವನ್ನು ಸೆರೆಹಿಡಿಯುವ ಆಜ್ಞೆ ಜಾರಿಯಾಯಿತು. ಗಂಡಸರು, ಹೆಂಗಸರು, ಮಕ್ಕಳು, ಮುದುಕರು ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ಎಷ್ಟು ಜನ ಎಂಬುದರಲ್ಲಿ 30,000ದಿಂದ 80,000ದವರೆಗೆ ಬೇರೆ ಬೇರೆ ಲೆಕ್ಕಗಳಿವೆ. ಟಿಪ್ಪುವಿನ ಆಸ್ಥಾನದ ಫಾರ್ಸಿ ಚರಿತ್ರೆಯೇ ಸುಮಾರು 60,000 ಎನ್ನುತ್ತದೆ. ಹಾಗಾಗಿ ಇದೆಲ್ಲ ಇಂಗ್ಲಿಷರು ಕಟ್ಟಿದ ಕತೆ ಎಂದು ತಳ್ಳಿಹಾಕುವ ದಾರಿ ನಮಗಿಲ್ಲ. ದಾರಿಯಲ್ಲಿ ಸತ್ತವರು ಬಹಳ. ಉಳಿದವರನ್ನು ಬಲವಂತದಿಂದ ಮತಾಂತರಿಸಿದರು, ಯುವಕರನ್ನು ಅಹ್ಮದಿ ಎಂಬ ದಳಗಳಿಗೆ ಸೇರಿಸಿದರು. ಮಿಲಾಗ್ರಿಸ್ ಸೇರಿದಂತೆ ಕೆನರಾದ 27 ಚರ್ಚುಗಳಲ್ಲಿ 26 ನೆಲಸಮವಾದವು. ಉಳಿದದ್ದು ಮೂಡುಬಿದಿರೆಯ ಹೊಸ್ಪೆಟ್ ಚರ್ಚು ಒಂದೇ, ಅದೂ ಜೈನ ಚೌಟ ಅರಸನ ಮಧ್ಯಸ್ಥಿಕೆಯಿಂದ ಎಂಬುದು ಅವರ ಪರಂಪರೆಯ ನೆನಪು.

ಚರ್ಚು ಬಿದ್ದಾಗ ಕಲ್ಲು ಮಾತ್ರ ಬೀಳುವುದಿಲ್ಲ. ಗಂಟೆ ಹೋಗುತ್ತದೆ, ದಪ್ಪ ಪುಸ್ತಕ ಹೋಗುತ್ತದೆ. ಯಾರು ಯಾರ ಮಗ, ಯಾರ ಮದುವೆ ಎಂದಾಯಿತು ಎಂಬ ಸಾಲುಗಳು ಹೋಗುತ್ತವೆ. ಗುರ್ಕಾರನೂ ಸೆರೆಯವರ ಸಾಲಿನಲ್ಲೇ ನಡೆಯುತ್ತಿರುವಾಗ ಸತ್ತವರ ಸುದ್ದಿಯನ್ನು ಯಾರು ಯಾರಿಗೆ ಮುಟ್ಟಿಸಬೇಕು?

ಇಂಗ್ಲಿಷರಿಗೆ ಕೆಲವರು ನೆರವಾಗಿರಬಹುದು. ಯುದ್ಧಕಾಲದಲ್ಲಿ ಎಲ್ಲ ಜಾತಿಯಲ್ಲೂ ಅಂಥವರು ಇದ್ದರು, ಟಿಪ್ಪುವಿನ ದರ್ಬಾರಿನಲ್ಲೇ ಮೀರ್ ಸಾದಿಕ್ ಇದ್ದನೆಂದು ನಮ್ಮ ಪಾಠಗಳೇ ಹೇಳಿಕೊಟ್ಟಿವೆ. ಮೀರ್ ಸಾದಿಕನ ತಪ್ಪಿಗೆ ಯಾರಾದರೂ ಮುಸ್ಲಿಮರನ್ನೆಲ್ಲ ಘಟ್ಟ ಹತ್ತಿಸಿದ್ದರೆ ನಾವು ಅದನ್ನು ನ್ಯಾಯವೆನ್ನುತ್ತಿದ್ದೆವೆ? ಕುರ್‌ಆನಿನ ಸೂರಃ ಹುಜುರಾತ್‌ನಲ್ಲಿ ನಮಗೊಂದು ತಾಕೀತಿದೆ. ಬಂದ ಸುದ್ದಿಯನ್ನು ಮೊದಲು ಪರಿಶೀಲಿಸಬೇಕು, ತಿಳಿಯದೆ ಒಂದು ಜನರ ಮೇಲೆ ಬಿದ್ದು ಆಮೇಲೆ ಪಶ್ಚಾತ್ತಾಪ ಪಡಬಾರದು ಎಂಬುದು ಅದರ ತಾತ್ಪರ್ಯ. ಈ ತಾಕೀತು ನಮಗೂ ಅನ್ವಯಿಸುತ್ತದೆ, ಸುಲ್ತಾನನಿಗೂ ಅನ್ವಯಿಸುತ್ತದೆ. ಟಿಪ್ಪು ಮಾಡಿದ್ದು ರಾಜಕಾರಣದ ಶಿಕ್ಷೆ, ಧರ್ಮದ್ದಲ್ಲ ಎಂದು ನಮ್ಮ ಕೆಲವು ವಿದ್ವಾಂಸರು ವಾದಿಸುತ್ತಾರೆ. ಇರಬಹುದು. ಆದರೆ ತೊಟ್ಟಿಲ ಕೂಸು ಯಾವ ರಾಜಕಾರಣ ಮಾಡಿತ್ತು?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಸೆರೆಯಲ್ಲಿ ಬದುಕುಳಿದವರು ಘಟ್ಟ ಇಳಿದು ಬಂದರು. ಹದಿನೈದು ವರ್ಷಗಳಲ್ಲಿ ಗದ್ದೆಗಳು ಬೇರೆಯವರ ಕೈಸೇರಿದ್ದವು. ಕೆಲವರಿಗೆ ಮರಳಿ ಸಿಕ್ಕಿತು, ಕೆಲವರಿಗೆ ಇಲ್ಲ. ಮೊದಲು ಹುಲ್ಲಿನ ಮಾಡು, ಆಮೇಲೆ ಹೆಂಚು, ಆಮೇಲೆ ಗೋಪುರ ಎಂದು ಚರ್ಚುಗಳು ಮತ್ತೆ ಎದ್ದವು. ಮಿಲಾಗ್ರಿಸ್‌ನ ಈಗಿನ ಕಟ್ಟಡ 1911ರದು. ಕಾರ್ಕಳದ ಅತ್ತೂರು ಚರ್ಚಿನ ಕತೆ ಇನ್ನೂ ಸ್ವಾರಸ್ಯದ್ದು. 1759ರ ಆ ಚರ್ಚು 1784ರಲ್ಲಿ ಅಳಿದು, ಮರಳಿ ಬಂದವರು ಸಂತ ಲಾರೆನ್ಸರ ಮರದ ಪ್ರತಿಮೆ ಹೊತ್ತು ಜಾಗ ಹುಡುಕುತ್ತ ಅಲೆದರಂತೆ. ಒಂದು ಕಡೆ ಇಳಿಸಿದ ಪ್ರತಿಮೆ ಮತ್ತೆ ಮೇಲೇಳಲಿಲ್ಲವಂತೆ. ಪ್ರತಿ ಜನವರಿಯ ಸಾಂತ್‌ಮಾರಿಗೆ ಅಲ್ಲಿ ಮೇಣದ ಬತ್ತಿ ಹಚ್ಚುವವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರೂ ಇದ್ದಾರೆ. 2016ರಲ್ಲಿ ಅದಕ್ಕೆ ಬೆಸಿಲಿಕಾ ಎಂಬ ಗೌರವ ಸಂದಿತು.

ಗಂಟೆಯ ಕೆಲಸವನ್ನು ಮುಂದೆ ಅಚ್ಚಿನ ಮೊಳೆಯೂ ಹಂಚಿಕೊಂಡಿತು. 1912ರಲ್ಲಿ ಲೂವಿಸ್ ಮಸ್ಕರೇನ್ಹಸ್ 'ಕೊಂಕಣಿ ದಿರ್ವೆಂ' ತಂದರು. 1938ರಲ್ಲಿ ಮಂಗಳೂರಿನ ಧರ್ಮಪ್ರಾಂತ್ಯದಿಂದ 'ರಾಕ್ಣೊ' ವಾರಪತ್ರಿಕೆ ಹುಟ್ಟಿತು. ಭಾಷೆ ಕೊಂಕಣಿ, ಲಿಪಿ ಕನ್ನಡ. ಗೋವೆಯಲ್ಲಿ ನಿಷೇಧಕ್ಕೆ ಸಿಕ್ಕಿದ್ದ ನುಡಿ ನಮ್ಮ ಅಕ್ಷರಗಳಲ್ಲಿ ವಾರವಾರವೂ ಮನೆಮನೆಗೆ ಬಂತು. 'ಖಡಾಪ್' ಎಂದು ಹೆಸರಾದ ವಿ.ಜೆ.ಪಿ. ಸಲ್ಡಾನ್ಹ ಸೆರೆಯ ದಿನಗಳ ಬಗ್ಗೆ ಕಾದಂಬರಿಗಳನ್ನು ಬರೆದದ್ದೂ ಇದೇ ಲಿಪಿಯಲ್ಲಿ. ಕನ್ನಡ ಓದಬಲ್ಲ ಯಾರೂ ಅವನ್ನು ಕೂಡಿಸಿ ಓದಬಹುದು. ನಾವು ಎಷ್ಟು ಜನ ಓದಿದ್ದೇವೆ?

2008ರ ಸೆಪ್ಟೆಂಬರ್ 14ರ ಭಾನುವಾರ ಮತಾಂತರದ ಆರೋಪ ಹೊರಿಸಿ ಮಂಗಳೂರಿನ ಆರಾಧನಾ ಮಠದ ಪ್ರಾರ್ಥನಾಲಯಕ್ಕೂ ಬೇರೆ ಪ್ರಾರ್ಥನಾ ಮಂದಿರಗಳಿಗೂ ಗುಂಪುಗಳು ನುಗ್ಗಿದವು. ಪ್ರತಿಭಟಿಸಿ ಚರ್ಚಿನ ಅಂಗಳಗಳಲ್ಲಿ ಸೇರಿದವರ ಮೇಲೆ ಪೊಲೀಸರ ಲಾಠಿ ಬಿತ್ತು. ನ್ಯಾಯಮೂರ್ತಿ ಸೋಮಶೇಖರ ಆಯೋಗ 2011ರಲ್ಲಿ ವರದಿ ಕೊಟ್ಟಿತು. ಯಾರೋ ಹೊರಿಸಿದ ಆರೋಪ, ಅದಕ್ಕೆ ಇಡೀ ಜನರ ಮೇಲೆ ಶಿಕ್ಷೆ, ಇದು ಹಳೆಯ ರಾಗವೇ. ಈ ರಾಗ ಕರಾವಳಿಯ ಮುಸ್ಲಿಮರಿಗೆ ಚೆನ್ನಾಗಿ ಗೊತ್ತು. ಒಬ್ಬನ ತಪ್ಪಿಗೆ ಕೇರಿಯೇ ಉತ್ತರ ಕೊಡಬೇಕಾಗಿ ಬಂದ ರಾತ್ರಿಗಳನ್ನು ನಾವು ಕಂಡಿದ್ದೇವೆ. ವದಂತಿಗೆ ಗುರ್ಕಾರನಿರುವುದಿಲ್ಲ. ಅದು ತಪ್ಪಾದರೆ ಯಾರ ಮುಖಕ್ಕೂ ಕೇಳಲಾಗುವುದಿಲ್ಲ.

2015ರಿಂದ ಸರ್ಕಾರ ಟಿಪ್ಪು ಜಯಂತಿ ಆಚರಿಸಿತು, 2019ರಲ್ಲಿ ಬೇರೊಂದು ಸರ್ಕಾರ ನಿಲ್ಲಿಸಿತು. ಆ ವರ್ಷಗಳಲ್ಲಿ ಪ್ರತಿ ನವೆಂಬರಿನಲ್ಲೂ 1784ರ ಸೆರೆಯವರನ್ನು ಮತ್ತೆ ಬೀದಿಗೆ ಎಳೆದು ತರಲಾಯಿತು. ಅವರ ನೋವಿಗಾಗಿ ಅಲ್ಲ, ನಮ್ಮನ್ನು ಹೊಡೆಯುವುದಕ್ಕಾಗಿ. ಚರ್ಚಿನ ಗಾಜು ಒಡೆದವರ ಬಾಯಲ್ಲೇ ಚರ್ಚುಗಳ ಬಗ್ಗೆ ಕಣ್ಣೀರು ಬಂತು. ಅದಕ್ಕೆ ಉತ್ತರವಾಗಿ ನಾವು ಏನೂ ನಡೆದೇ ಇಲ್ಲ ಎಂದರೆ ಬಾಯಮ್ಮನ ಜಗಲಿಯನ್ನು ನಾವೇ ಬಿಟ್ಟುಕೊಟ್ಟಂತೆ. ಟಿಪ್ಪುವಿನ ಶೌರ್ಯವನ್ನು ಹೇಳುವ ಬಾಯಿ ಕೆನರಾದ ಸೆರೆಯನ್ನೂ ಹೇಳಬೇಕು. ಹಾಗೆ ಹೇಳಿದರೆ ನಮ್ಮ ಈಮಾನಿಗೆ ಕುಂದಿಲ್ಲ. ಎರಡು ಶತಮಾನದ ಹಿಂದಿನ ಸುಲ್ತಾನನ ಲೆಕ್ಕಕ್ಕೆ ಇಂದಿನ ಮುಸ್ಲಿಮನು ಸಾಲಗಾರನಲ್ಲ. ಆದರೆ ನೆರೆಯವನ ನೆನಪನ್ನು ಕೇಳಿಸಿಕೊಳ್ಳುವ ಹಕ್ಕುಬಾಧ್ಯತೆ ನೆರೆಯವನಿಗೆ ಇದ್ದೇ ಇದೆ.

ಇನ್ನೊಂದು ಮಾತು ನಮ್ಮ ಜಮಾಅತ್‌ಗಳಿಗೆ. ನಮ್ಮ ಮಸೀದಿಗಳಲ್ಲೂ ನಿಕಾಹಿನ ದಫ್ತರಗಳಿವೆ, ಕಬರಸ್ತಾನಿನ ಲೆಕ್ಕಗಳಿವೆ. ಎಷ್ಟೋ ಕಡೆ ಅವು ಗೆದ್ದಲಿಗೆ ಸೇರುತ್ತಿವೆ. ನಮ್ಮ ಬಡವರ ಚರಿತ್ರೆಯೂ ಅಲ್ಲೇ ಇದೆ. ಬೀಗ ತೆಗೆದು ಧೂಳು ಕೊಡವಬೇಕು.

ಬಾಯಮ್ಮ ತೀರಿಕೊಂಡ ದಿನ ನಾವು ಊರಿನಲ್ಲಿದ್ದೆವು. ಗುಡ್ಡದಾಚೆಯಿಂದ ಒಂದೊಂದೇ ಪೆಟ್ಟು ಕೇಳಿತು. ಅಮ್ಮಿ ಅಭ್ಯಾಸದಂತೆ ಎದ್ದು ಬೇಲಿಯ ಬಳಿಗೆ ಹೋದರು. ಯಾರೆಂದು ಕೇಳಲು ಈಗ ಆಚೆ ಬದಿಯಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಗುರ್ಕಾರರು ನಮ್ಮ ಮನೆಯ ಮೆಟ್ಟಿಲಿಗೇ ಬಂದರು. ಹೆಸರು, ಹೊತ್ತು, ಎಲ್ಲ ಸರಿಯಾಗಿ ಹೇಳಿ, 'ನಿಮಗೂ ಹೇಳಬೇಕಿತ್ತು' ಎಂದರು.