ಇಲಿ ಬಿದ್ದ ಊರು, ವಿಮಾನ ನಿಂತ ದೇಶ

ಪರದೇಶಕ್ಕೆ ಹೊರಡುವ ತಮ್ಮ ಪ್ರಜೆಗಳಿಗೆ ಸರಕಾರಗಳು ಎಚ್ಚರಿಕೆ ಹೇಳುವುದು ಹಳೆಯ ರೂಢಿ. ಉಷ್ಣವಲಯದ ದೇಶವಾದರೆ ಪಟ್ಟಿ ಇನ್ನಷ್ಟು ಉದ್ದ: ನೀರು ಕುದಿಸಿ ಕುಡಿಯಿರಿ, ಸೊಳ್ಳೆಪರದೆ ಕಟ್ಟಿಕೊಳ್ಳಿ, ಇಂತಿಂಥ ಲಸಿಕೆ ಹಾಕಿಸಿಕೊಳ್ಳಿ. ಇದರಲ್ಲಿ ಮುನಿಸಿಕೊಳ್ಳುವಂಥದು ಏನೂ ಇಲ್ಲ. ಆದರೆ ಎಚ್ಚರಿಕೆ ಎಲ್ಲಿ ಮುಗಿಯುತ್ತದೆ, ಬಹಿಷ್ಕಾರ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ನಮ್ಮ ದೇಶ ಪ್ಲೇಗಿನ ಕಾಲದಲ್ಲಿ ಚೆನ್ನಾಗಿ ಕಂಡಿದೆ.

1994ರ ಸೆಪ್ಟೆಂಬರ್ ತಿಂಗಳು ಮುಂಬಯಿಯ ಹಿರಿಯರಿಗೆ ನೆನಪಿರಬಹುದು. ಸೂರತ್ತಿನಲ್ಲಿ ಶ್ವಾಸಕೋಶದ ಪ್ಲೇಗು ಎಂಬ ಸುದ್ದಿ ಹಬ್ಬಿದ ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ಸಿಕ್ಕ ರೈಲು, ಬಸ್ಸು ಹತ್ತಿ ಊರು ಬಿಟ್ಟರು. ಔಷಧಿ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ಸಿಗದಾಯಿತು. ಕೊಲ್ಲಿಯ ಹಲವು ದೇಶಗಳು ಭಾರತಕ್ಕೆ ವಿಮಾನಗಳನ್ನೇ ನಿಲ್ಲಿಸಿದವು. ಕೊಲ್ಲಿಯಲ್ಲಿ ದುಡಿಯುವ ಮಗ ರಜೆಗೆಂದು ಊರಿಗೆ ಬಂದಿದ್ದ ಮನೆಗಳಲ್ಲಿ, ಪ್ಲೇಗಿಗಿಂತ ಕೆಲಸ ಹೋದೀತೆಂಬ ಭಯವೇ ದೊಡ್ಡದಾಗಿದ್ದರೆ ಆಶ್ಚರ್ಯವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಾದ ಲೆಕ್ಕ ಹೀಗಿತ್ತು: ಅಕ್ಟೋಬರ್ ನಡುವಿನ ಹೊತ್ತಿಗೆ ರಕ್ತಪರೀಕ್ಷೆಯ ಆಧಾರದ ಮೇಲೆ ಪ್ಲೇಗೆಂದು ಶಂಕಿಸಿದವರು ದೇಶದಲ್ಲಿ ಒಟ್ಟು 693, ಸಾವು 56. ಈ 693ರಲ್ಲಿ ಕರ್ನಾಟಕದವರು 46. ಪ್ರಯಾಣವನ್ನು ನಿರ್ಬಂಧಿಸಬೇಕೆಂದು ಆ ಸಂಸ್ಥೆ ಹೇಳಿರಲಿಲ್ಲ, ಕೇಳಿದವರು ಯಾರು? ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಭಾರತದಿಂದ ಬಂದವರ ಮೇಲೆ ಕಣ್ಣಿಟ್ಟು ಅನುಮಾನ ಬಂದವರನ್ನು ಪರೀಕ್ಷಿಸಿದರು. ಒಬ್ಬರಲ್ಲೂ ಪ್ಲೇಗು ಸಿಗಲಿಲ್ಲ. ದೇಶಕ್ಕಾದ ನಷ್ಟವನ್ನು ಮಾತ್ರ ನೂರೈವತ್ತು ಕೋಟಿ ಡಾಲರಿಗೂ ಮೀರಿದ್ದೆಂದು ಅಂದಾಜು ಮಾಡಿದ್ದಾರೆ.

ಇದಕ್ಕೆ ಸುಮಾರು ನೂರು ವರ್ಷ ಹಿಂದೆ ಇದೇ ನಾಟಕ ನಮ್ಮ ಮುಂಬಯಿಯಲ್ಲಿ ನಡೆದಿತ್ತು. 1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಬಂದರಿನ ಓಣಿಗಳಲ್ಲಿ ಕಂಡ ರೋಗವನ್ನು ಡಾ. ಅಕಾಸಿಯೊ ವೀಗಾಸ್ ಪ್ಲೇಗೆಂದು ಗುರುತಿಸಿದರು. ಹಾಗೆಂದು ಒಪ್ಪಿಕೊಳ್ಳಲು ಅಧಿಕಾರಿಗಳು ಮೊದಮೊದಲು ಹಿಂಜರಿದರು. ಒಪ್ಪಿಕೊಂಡರೆ ಮುಂಬಯಿಯ ಹಡಗುಗಳನ್ನು ಯಾವ ಬಂದರಿನಲ್ಲೂ ಸೇರಿಸುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. 1897ರಲ್ಲಿ ವೆನಿಸ್ಸಿನಲ್ಲಿ ಕೂಡಿದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಯುರೋಪಿನ ದೇಶಗಳು ಬ್ರಿಟನ್ನಿನ ಮೇಲೆ ಒತ್ತಡ ಹಾಕಿದವು. ಆ ವರ್ಷ ಮುಂಬಯಿಯಿಂದ ಹಜ್ ಯಾತ್ರೆಯೂ ನಿಂತಿತು.

ಹೊರಗಿನ ಒತ್ತಡ ಒಳಗೆ ಬರೆ ಎಳೆಯಿತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಮನೆಮನೆ ತಪಾಸಣೆ, ರೋಗಿಗಳನ್ನು ಎತ್ತಿಕೊಂಡು ಹೋಗುವುದು, ರೈಲು ನಿಲ್ದಾಣಗಳಲ್ಲಿ ಹೆಂಗಸರೆನ್ನದೆ ಮೈ ಮುಟ್ಟಿ ಪರೀಕ್ಷಿಸುವುದು. ಮದರಾಸು ಪ್ರಾಂತ್ಯದಲ್ಲಿ ಸೋಂಕಿನ ಊರುಗಳಿಂದ ಬಂದವರಿಗೆ ‘ಪ್ಲೇಗ್ ಪಾಸ್‌ಪೋರ್ಟ್’ ಎಂಬ ಚೀಟಿಯನ್ನೇ ಕೊಡುತ್ತಿದ್ದರು. ಅದನ್ನು ಹಿಡಿದು ಕೆಲವು ದಿನ ಅಧಿಕಾರಿಯ ಮುಂದೆ ಹಾಜರಿ ಹಾಕಬೇಕು. ಪುಣೆಯಲ್ಲಿ ಈ ದಬ್ಬಾಳಿಕೆಯ ಸಿಟ್ಟು 1897ರ ಜೂನಿನಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಕೊಲೆಯವರೆಗೂ ಹೋಯಿತು. ಜನ ಜ್ವರ ಬಂದವರನ್ನು ಅಟ್ಟದ ಮೇಲೆ, ಹಿತ್ತಿಲಲ್ಲಿ ಬಚ್ಚಿಡತೊಡಗಿದರು. ಸರಕಾರ ರೋಗವನ್ನು ಲೋಕದಿಂದ ಮುಚ್ಚಿಟ್ಟಿತು. ಜನ ಸರಕಾರದಿಂದ ಮುಚ್ಚಿಟ್ಟರು.

ಇಷ್ಟೆಲ್ಲ ಮಾಡಿದ್ದು ಮನುಷ್ಯರನ್ನು ತಡೆಯಲು. ಇಲಿಗಳನ್ನು ತಡೆದವರಿಲ್ಲ. ಇಲಿಯ ಮೈಮೇಲಿನ ಚಿಗಟವೇ ರೋಗ ಹರಡುತ್ತದೆಂದು ಪಾಲ್ ಲೂಯಿ ಸೀಮೊಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. ಅದನ್ನು ಬಹಳ ದಿನ ಯಾರೂ ನಂಬಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ರೋಗ ಹುಬ್ಬಳ್ಳಿ ಕಡೆಯಿಂದ ರೈಲು ಹಿಡಿದು ಬೆಂಗಳೂರಿಗೂ ಬಂತು. ಮಲ್ಲೇಶ್ವರ, ಬಸವನಗುಡಿಗಳು ಬೇಗ ಬೆಳೆದದ್ದು ಆ ಭಯದಲ್ಲೇ.

ನಮ್ಮ ಹಳ್ಳಿಗರಿಗೆ ಚಿಗಟದ ಶಾಸ್ತ್ರ ತಿಳಿದಿರಲಿಲ್ಲ. ಆದರೂ ‘ಇಲಿ ಬಿತ್ತು’ ಎಂಬ ಒಂದೇ ಮಾತಿಗೆ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಹೊಲಗಳಲ್ಲಿ ಗುಡಿಸಲು ಹಾಕುತ್ತಿತ್ತು. ಸಾಯುವ ಇಲಿಯಿಂದ ದೂರ ಸರಿಯುವ ಆ ಎಚ್ಚರಿಕೆ, ವೆನಿಸ್ಸಿನ ನಿಯಮಗಳಿಗಿಂತ ಗುರಿಗೆ ಹತ್ತಿರವಾಗಿತ್ತೆಂದು ನನಗೆ ತೋರುತ್ತದೆ. ಊರಿಗೆ ಮರಳಿದ ಮೇಲೆ ಪ್ಲೇಗಮ್ಮನಿಗೆ ಪೂಜೆ. ಅವಳ ಗುಡಿಗಳು ಕನ್ನಡ ನಾಡಿನಲ್ಲಿ ಈಗಲೂ ಇವೆ.

ಹಾಗೆಂದು ಎಲ್ಲ ನಿರ್ಬಂಧವೂ ದಂಡವಲ್ಲ. ಹಳದಿ ಜ್ವರ ನಮ್ಮಲ್ಲಿಲ್ಲ, ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಧಾರಾಳವಾಗಿದೆ. ಆದ್ದರಿಂದ ಆ ರೋಗವಿರುವ ಆಫ್ರಿಕ, ದಕ್ಷಿಣ ಅಮೆರಿಕದ ದೇಶಗಳಿಂದ ಬರುವವರು ಲಸಿಕೆಯ ಪ್ರಮಾಣಪತ್ರ ತೋರಿಸಬೇಕೆಂದು ಭಾರತ ಪಟ್ಟು ಹಿಡಿಯುತ್ತದೆ. ಪತ್ರವಿಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಸ. ಕೇಳುವುದು ಒಂದು ಲಸಿಕೆ, ಅದಕ್ಕೊಂದು ಕಾರಣವೂ ಉಂಟು. ಬಾಗಿಲು ಮುಚ್ಚುವ ಮಾತಿಲ್ಲ.

ರೋಗವನ್ನು ಪ್ರಕಟಿಸಿದ ದೇಶಕ್ಕೆ ಅನಗತ್ಯ ತೊಂದರೆ ಕೊಡಬಾರದೆಂಬ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳು 2005ರಲ್ಲಿ ಹೊಸ ರೂಪ ಪಡೆದು, 2007ರಲ್ಲಿ ಜಾರಿಗೆ ಬಂದವು. 2021ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಕೊರೋನದ ಹೊಸ ತಳಿಯೊಂದನ್ನು ಕಂಡು ಕೂಡಲೇ ಲೋಕಕ್ಕೆ ಸಾರಿದರು. ಎರಡು ಮೂರು ದಿನಗಳಲ್ಲೇ ಹಲವು ದೇಶಗಳು ಅಲ್ಲಿನ ವಿಮಾನಗಳಿಗೆ ಬಾಗಿಲು ಮುಚ್ಚಿದವು. ನಿಜ ಹೇಳಿದ್ದಕ್ಕೆ ಈ ಶಿಕ್ಷೆಯೇ ಎಂದು ಆ ಸರಕಾರ ಕೇಳಿತು. ಅದೇ ವಾರ ಭಾರತವೂ ಅಪಾಯದ ದೇಶಗಳ ಪಟ್ಟಿಯೊಂದನ್ನು ಹೊರಡಿಸಿತ್ತು. ದಕ್ಷಿಣ ಆಫ್ರಿಕದ ಹೆಸರು ಅದರಲ್ಲೂ ಇತ್ತು.