ನಿರೀಕ್ಷೆ: ಹಾದಿ ನೋಡುವ ಶಬ್ದ

ನಿರೀಕ್ಷೆ ಎಂಬ ಶಬ್ದವು ‘ನಿರ್’ ಎಂಬ ಉಪಸರ್ಗವೂ ನೋಡು ಎಂಬರ್ಥದ ಸಂಸ್ಕೃತ ಧಾತು ‘ಈಕ್ಷ್’ ಕೂಡ ಸೇರಿ ಆದದ್ದರಿಂದ ಅದರ ಬಳಗವೆಲ್ಲ ಕಣ್ಣಿಗೆ ಸೇರಿದ್ದು: ಹೊಲದ ದಾಖಲೆ ನೋಡುವ ಅಧಿಕಾರಿ ಕಂದಾಯ ನಿರೀಕ್ಷಕ, ರೈಲು ಬರುವವರೆಗೆ ಕೂರುವ ಜಾಗ ನಿರೀಕ್ಷಣಾ ಕೊಠಡಿ, ಬಂಧನಕ್ಕೆ ಮುಂಚೆಯೇ ನ್ಯಾಯಾಲಯದಿಂದ ಪಡೆಯುವ ರಕ್ಷಣೆ ನಿರೀಕ್ಷಣಾ ಜಾಮೀನು. ಸಿಂಧನೂರಿನ ಭತ್ತದ ರೈತರು ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವುದನ್ನು ನಿರೀಕ್ಷಿಸುತ್ತಾರೆ. ಕಾಲುವೆಯ ಕೊನೆಭಾಗಕ್ಕೆ ನೀರು ತಲುಪದಿದ್ದಾಗ ನಿರೀಕ್ಷೆ ಹುಸಿಯಾಯಿತೆಂದು ಪತ್ರಿಕೆಗಳು ಬರೆಯುತ್ತವೆ. ಹುಸಿಯಾಗುವ ಸಾಧ್ಯತೆ ಈ ಶಬ್ದದ ಲೌಕಿಕ ಬದುಕಿನಲ್ಲಿ ಸದಾ ಜೊತೆಗಿರುತ್ತದೆ. ಅದೇ ಶಬ್ದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಕ್ರೈಸ್ತರ ಸಾವಿನ ಮನೆಯೊಳಗೆ, ಶವಪೆಟ್ಟಿಗೆಯ ಬಳಿ ನಿಂತ ಸಭಾಪಾಲಕರ, ಎಂದರೆ ಸಭೆಯ ಆತ್ಮಿಕ ಹೊಣೆ ಹೊತ್ತ ಬೋಧಕರ ಬಾಯಲ್ಲಿ ಬಂದಾಗ ಹುಸಿಯಾಗದ ಒಂದರ ಹೆಸರಾಗಿ ಬರುತ್ತದೆ.

ಕನ್ನಡದ ಸಂಪೂರ್ಣ ಬೈಬಲ್ ಮೊದಲು ಸಿದ್ಧವಾದದ್ದು ಇದೇ ಸೀಮೆಯ ನೆರೆಯಲ್ಲಿ: ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕೈಗೊಂಡ ಅನುವಾದ 1831ರ ಹೊತ್ತಿಗೆ ಪೂರ್ಣಗೊಂಡಿತು. ಹಲವು ಪರಿಷ್ಕರಣೆಗಳನ್ನು ಕಂಡು ಇಂದು ಸಭೆಗಳಲ್ಲಿ ಓದಲಾಗುವ ಕನ್ನಡ ಬೈಬಲಿನಲ್ಲಿ, ಗ್ರೀಕ್ ಮೂಲದ ‘ಎಲ್ಪಿಸ್’ ಎಂಬ ಶಬ್ದಕ್ಕೆ ನಿಂತಿರುವುದು ನಿರೀಕ್ಷೆ. ನಂಬಿಕೆ ಮತ್ತು ಪ್ರೀತಿಯ ಜೊತೆ ಅಪೊಸ್ತಲ ಪೌಲನು ತನ್ನ ಪತ್ರದಲ್ಲಿ ಹೆಸರಿಸುವ ಮೂರನೆಯ ಗುಣ ಇದೇ. ಇಲ್ಲಿ ಆಸೆ ಎಂಬ ಶಬ್ದವೂ ಬರಬಹುದಿತ್ತು, ಹಿಂದಿ ಬೈಬಲಿನಲ್ಲಿ ‘ಆಶಾ’ ಎಂದೇ ಇದೆ. ಆದರೆ ಬಿಡಬೇಕಾದ ಬಂಧನವೆಂದೇ ವಚನಕಾರರು ಆಸೆಯನ್ನು ಕಂಡಿರುವ ಕನ್ನಡದಲ್ಲಿ, ಸಾವಿನ ಮುಂದೆ ಆ ಶಬ್ದವನ್ನು ಎತ್ತಿ ಹಿಡಿಯುವುದು ಕಷ್ಟವಾಗುತ್ತಿತ್ತು. ಮಲಯಾಳಂ ‘ಪ್ರತ್ಯಾಶ’ ಎಂದು ಆ ಶಬ್ದವನ್ನೇ ತಿದ್ದಿಕೊಂಡರೆ, ತೆಲುಗು ಕನ್ನಡದ ಹಾದಿಯಲ್ಲೇ ನಡೆದು ‘ನಿರೀಕ್ಷಣ’ ಎಂದಿದೆ. ನೀರಾವರಿ ಬಂದಾಗ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿರುವ ಸಿಂಧನೂರು ಸೀಮೆಯಲ್ಲಿ ಇದು ಸಣ್ಣ ಮಾತಲ್ಲ, ಏಕೆಂದರೆ ತೆಲುಗಿನಲ್ಲಿ ಪ್ರಾರ್ಥಿಸುವವರೂ ಕನ್ನಡದಲ್ಲಿ ಪ್ರಾರ್ಥಿಸುವವರೂ ಸಮಾಧಿಯ ಬದಿಯಲ್ಲಿ ಹೆಚ್ಚುಕಡಿಮೆ ಒಂದೇ ಶಬ್ದವನ್ನು ಕೇಳುತ್ತಾರೆ.

ಗ್ರಂಥದ ಈ ಶಬ್ದಕ್ಕೆ ಆಡುಮಾತಿನಲ್ಲಿ ಅಚ್ಚಗನ್ನಡದ ಒಡಹುಟ್ಟು ಒಂದಿದೆ. ಯಾರಿಗಾದರೂ ಕಾಯುವುದನ್ನು ಈ ಸೀಮೆಯ ಜನ ‘ಹಾದಿ ನೋಡುವುದು’ ಎನ್ನುತ್ತಾರೆ; ಅಲ್ಲಿಯೂ ಕಾಯುವಿಕೆ ನೋಟವೇ ಆಗಿದೆ, ನೋಟದ ತುದಿಯಲ್ಲಿ ಬರಬೇಕಾದ ಒಬ್ಬರಿದ್ದಾರೆ. ಹಟ್ಟಿಯಲ್ಲಿ ಈ ನುಡಿಗಟ್ಟಿನ ಅರ್ಥ ಇನ್ನೂ ಆಳಕ್ಕೆ ಇಳಿಯುತ್ತದೆ. ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಚಿನ್ನಕ್ಕಾಗಿ ಅಗೆದ ಗುರುತುಗಳಿರುವ ಈ ನೆಲದಲ್ಲಿ, ನಿಜಾಮರ ಕಾಲದ ಕೊನೆಗೆ, 1947ರಲ್ಲಿ, ಹೈದರಾಬಾದ್ ಚಿನ್ನದ ಗಣಿ ಕಂಪನಿ ಸ್ಥಾಪನೆಯಾಗಿ, ಮುಂದೆ ಅದೇ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಅಂದಿನಿಂದ ಊರಿನ ದಿನವನ್ನು ಅಳೆಯುವುದು ಗಣಿಯ ಪಾಳಿಗಳು. ನೆಲದಡಿಗೆ ಇಳಿದವರು ಪಾಳಿ ಮುಗಿಸಿ ಮೇಲೆ ಬರುವವರೆಗೆ ಮನೆಯವರು ಹಾದಿ ನೋಡುತ್ತಾರೆ, ಆ ನೋಟದಲ್ಲಿ ಭರವಸೆಯೂ ಅಂಜಿಕೆಯೂ ಬೇರೆಬೇರೆಯಾಗಿ ಇರುವುದಿಲ್ಲ.

ನೋಟದಿಂದ ಹುಟ್ಟಿದ ಈ ಶಬ್ದ ಕ್ರೈಸ್ತ ಬಳಕೆಯಲ್ಲಿ ಕಾಣದ್ದರ ಕಡೆಗೆ ತಿರುಗುತ್ತದೆ. ಕಣ್ಣಿಗೆ ಕಂಡದ್ದು ನಿರೀಕ್ಷೆಯಾಗುವುದಿಲ್ಲ ಎಂಬ ಅರ್ಥದ ಮಾತನ್ನು ಪೌಲನು ರೋಮಾಪುರದವರಿಗೆ ಬರೆದಿದ್ದಾನೆ. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ, ಶವಸಂಸ್ಕಾರದಲ್ಲಿ ಹೆಚ್ಚಾಗಿ ಓದುವ ಭಾಗದಲ್ಲಿ, ಸತ್ತವರನ್ನು ಅವನು ನಿದ್ರೆಹೋದವರೆಂದು ಕರೆದು, ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬಾರದೆಂದು ಹೇಳುತ್ತಾನೆ. ಈ ಮಾತನ್ನು ಅಳಬಾರದೆಂಬ ಆಜ್ಞೆಯಾಗಿ ಓದಿ, ಗಂಡನನ್ನು ಕಳೆದುಕೊಂಡವಳಿಗೆ ಕಣ್ಣೊರಸಿಕೊಳ್ಳಲು ಹೇಳುವವರು ಎಲ್ಲ ಸಭೆಗಳಲ್ಲೂ ಸಿಗುತ್ತಾರೆ. ಅದು ತಪ್ಪು ಓದು, ನೋವಿನ ಮೇಲೆ ನೋವು ಹೊರಿಸುವ ಓದು. ಪೌಲನು ತಡೆಯುವುದು ದುಃಖದ ಒಂದು ಬಗೆಯನ್ನು, ದುಃಖವನ್ನಲ್ಲ. ಸತ್ತಿದ್ದ ಲಾಜರನನ್ನು ಎಬ್ಬಿಸಲೆಂದೇ ಬಂದ ಯೇಸು ಅವನ ಸಮಾಧಿಗೆ ಹೋಗುವಾಗ ಅತ್ತದ್ದನ್ನು ಯೋಹಾನನ ಸುವಾರ್ತೆ ದಾಖಲಿಸುತ್ತದೆ. ಹಾದಿ ನೋಡುವವರು ನೋಡುವುದು ಎದುರಿಗಿಲ್ಲದವರಿಗಾಗಿಯೇ. ಅಗಲಿಕೆಯ ಅರಿವಿಲ್ಲದ ಕಣ್ಣಿಗೆ ನೋಡಲು ಹಾದಿಯೇ ಇರುವುದಿಲ್ಲ.

ಹಟ್ಟಿ ಇರುವ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಷ್ಟು ಹಳೆಯ ಕಥೋಲಿಕ ಸಮುದಾಯವಿದೆ. ಕಥೋಲಿಕರು ನವೆಂಬರ್ 2ರಂದು ಮೃತರನ್ನು ಸ್ಮರಿಸಿ, ಸಮಾಧಿಗಳನ್ನು ಸ್ವಚ್ಛಗೊಳಿಸಿ ಮೇಣದಬತ್ತಿ ಹಚ್ಚುತ್ತಾರೆ. ಅಂತ್ಯಕ್ರಿಯೆಗೆ ಹೋಗುವುದನ್ನು ಈ ಭಾಗದಲ್ಲಿ ಯಾವ ಧರ್ಮದವರಾದರೂ ‘ಮಣ್ಣಿಗೆ ಹೋಗುವುದು’ ಎನ್ನುತ್ತಾರೆ, ಕ್ರೈಸ್ತರೂ ಹಾಗೆಯೇ ಮಣ್ಣಿಗೆ ಹೋಗಿ, ಗುಂಡಿಗೆ ಒಂದೊಂದು ಹಿಡಿ ಮಣ್ಣು ಹಾಕಿ ಮರಳುತ್ತಾರೆ. ಆಮೇಲಿನ ದಿನಗಳಲ್ಲಿ, ಪಾಳಿ ಬಿಡುವ ಹೊತ್ತಿಗೆ, ಬರುವವರಿಲ್ಲವೆಂದು ಗೊತ್ತಿದ್ದೂ ಮನೆಯವರ ಕಣ್ಣು ಅಭ್ಯಾಸಬಲದಿಂದ ಬಾಗಿಲ ಕಡೆಗೆ ಹೋಗುತ್ತದೆ. ಆ ನೋಟಕ್ಕೆ ಸಭೆಯು ಬೇರೆ ಹೆಸರು ಇಟ್ಟಿಲ್ಲ.